ಒಳಗನ್ನು ತೋರುವ ಕಿರಣಗಳು

ನಮ್ಮ ರಾಜ್ಯೋತ್ಸವದ ತಿಂಗಳಾದ ನವೆಂಬರಿನಲ್ಲಿಯೇ, 1895ರ 8ನೆಯ ತಾರೀಖು, ಜರ್ಮನಿಯ ರಂಟ್‌ಗೆನ್ ಮಹಾಶಯರು ಕ್ಷ-ಕಿರಣವನ್ನು ಕಂಡುಹಿಡಿದರು. ಅದು ಮಾಂಸವನ್ನು ಹಾಯ್ದು ಹೋಗುತ್ತದೆ, ಎಲುಬು ಅದನ್ನು ತಡೆಯುತ್ತದೆ. ಆ ನೆರಳೇ ಚಿತ್ರ. ಅದೇ ಕಿರಣವನ್ನು ದೇಹದ ಸುತ್ತ ತಿರುಗಿಸಿ, ಪದರ ಪದರವಾಗಿ ಗಣಕಯಂತ್ರ ತೋರಿಸುವುದು ಸಿ.ಟಿ. ಅಲ್ಟ್ರಾಸೌಂಡಿನಲ್ಲಿ ಶಬ್ದದ ಪ್ರತಿಧ್ವನಿಯೂ, ಎಂ.ಆರ್.ಐ.ಯಲ್ಲಿ ಬಲವಾದ ಅಯಸ್ಕಾಂತ, ರೇಡಿಯೋ ಅಲೆಗಳೂ ಕೆಲಸಮಾಡುತ್ತವೆ.

ಕಲಬುರಗಿ, ಬೀದರಗಳಿಂದ ಹೈದರಾಬಾದಿಗೆ ಚಿಕಿತ್ಸೆಗೆ ಬರುವ ನಮ್ಮ ಹಿರಿಯರಿಗೆ, ಹೆಣ್ಣುಮಕ್ಕಳಿಗೆ ತೆಲುಗಾಗಲಿ ಇಂಗ್ಲಿಷಾಗಲಿ ಬಾರದಿರಬಹುದು. ಸಿ.ಟಿ.ಗೆ ಮುನ್ನ “ಬಸಿರಿದ್ದೀರಾ?”, ಎಂ.ಆರ್.ಐ.ಗೆ ಮುನ್ನ “ಎದೆಯಲ್ಲಿ ಪೇಸ್‌ಮೇಕರ್, ಮೈಯೊಳಗೆ ಲೋಹ ಇದೆಯೇ?” ಎಂದು ಕೇಳುತ್ತಾರೆ. ಅರ್ಥವಾಗದೆ ತಲೆಯಾಡಿಸಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ನಿಮ್ಸ್‌ಗಾಗಲಿ, ಉಸ್ಮಾನಿಯಾ ಆಸ್ಪತ್ರೆಗಾಗಲಿ ಅವರೊಡನೆ ಒಬ್ಬರು ಹೋಗಿರಿ. ಕನ್ನಡದಲ್ಲಿ ಕೇಳಿ ವೈದ್ಯರಿಗೆ ತಿಳಿಸಿರಿ. ಇದೂ ಕನ್ನಡದ ಸೇವೆಯೇ.