ಗಂಟು ನೋವಿಗೆ ಮರದ ಅಂಟು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರಿನವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಮಾತಾಡುವುದು ಮೊಣಕಾಲಿನ ಬಗ್ಗೆ. ಬೆಂಗಳೂರಿನಲ್ಲಿ ನಮ್ಮ ಬ್ಯಾಚಿನವರು ಸಿಕ್ಕಿದರೆ ಈಗ ಮೊದಲ ಪ್ರಶ್ನೆ "ಅಮ್ಮನ ಗಂಟು ನೋವು ಹ್ಯಾಂಗಿತ್ತ್?" ಎಂಬುದೇ. ಉತ್ತರ, "ಆನ್‌ಲೈನಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ." ಗದ್ದೆಯಲ್ಲಿ ಬಗ್ಗಿ ನಟ್ಟಿ ಮಾಡಿದವರು, ಅಡಿಕೆ ಮರ ಹತ್ತಿದವರು, ಯಕ್ಷಗಾನದ ರಂಗದಲ್ಲಿ ಮಂಡಿ ಊರಿ ತಿರುಗಿದವರು, ಇವರ ಮೊಣಕಾಲುಗಳೇ ನಮ್ಮನ್ನು ಓದಿಸಿದ್ದು. ಹಾಗಾಗಿ ಆ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯುವುದು ನಮ್ಮ ಕೆಲಸ. ನಾನು ವೈದ್ಯನಲ್ಲ, ಓದಿ ತಿಳಿದದ್ದನ್ನು ಹೇಳುತ್ತೇನೆ.

ಅಂಥ ಡಬ್ಬಿಗಳಲ್ಲಿ ಹೆಚ್ಚಾಗಿ ಕಾಣುವ ಅಂಟುಗಳು ಎರಡು: ಶಲ್ಲಕಿ ಮತ್ತು ಗುಗ್ಗುಳ. ಶಲ್ಲಕಿ ಒಣ ಗುಡ್ಡಗಾಡಿನ ಮರ, ಮಧ್ಯಭಾರತ ಮತ್ತು ರಾಜಸ್ಥಾನದಲ್ಲಿ ಹೆಚ್ಚು. ತೊಗಟೆ ಕೆತ್ತಿದರೆ ಅಂಟು ಒಸರುತ್ತದೆ. ಗಲ್ಫಿನಲ್ಲಿ ದುಡಿದವರು ಮಸ್ಕತ್ತಿನ ಅಂಗಡಿಗಳಲ್ಲಿ ನೋಡಿದ ಲುಬಾನ್ ಇದರ ದಾಯಾದಿ. ನಮ್ಮ ಘಟ್ಟದ ಸಾಲುಧೂಪದ ಮರ ಮಾತ್ರ ಬೇರೆಯೇ ಜಾತಿ. ಧೂಪ ಎಂಬ ಹೆಸರು ಒಂದೇ ಎಂದು ಮನೆಯಲ್ಲಿ ಹೊಗೆ ಹಾಕುವುದನ್ನು ಪುಡಿ ಮಾಡಿ ನುಂಗಬಾರದು.

ಶಲ್ಲಕಿಯಲ್ಲಿ ಬೋಸ್ವೆಲಿಕ್ ಆಮ್ಲಗಳೆಂಬ ವಸ್ತುಗಳಿವೆ. ದೇಹದಲ್ಲಿ ಉರಿಯೂತ ಹೆಚ್ಚಿಸುವ ಒಂದು ಕಿಣ್ವವನ್ನು ಅವು ತಡೆಯುತ್ತವೆ ಎಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಬೆಂಗಳೂರಿನ ಸಾಮಿ ಲ್ಯಾಬ್ಸ್‌ನಂಥ ಕಂಪೆನಿಗಳು ಇದರ ಸಾರ ತೆಗೆದು ಹೊರದೇಶಕ್ಕೂ ಮಾರಿವೆ.

ಮನುಷ್ಯರಿಗೆ ಗುಣ ಕೊಟ್ಟಿದೆಯೇ? ನಾಗಪುರದ ವೈದ್ಯರು ಮೊಣಕಾಲು ಸವೆತವಿದ್ದ 30 ಜನರ ಮೇಲೆ ಮಾಡಿದ ಪರೀಕ್ಷೆ 2003ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಎಂಟು ವಾರ ಶಲ್ಲಕಿ, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ, ಆಮೇಲೆ ಅದಲುಬದಲು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಶಲ್ಲಕಿ ತೆಗೆದುಕೊಂಡಾಗ ನೋವು ಇಳಿಯಿತು, ಕಾಲು ಮಡಚುವುದು ಸುಲಭವಾಯಿತು, ನಡೆಯುವ ದೂರ ಹೆಚ್ಚಿತು. ಆದರೆ ಎಕ್ಸ್‌ರೇಯಲ್ಲಿ ಏನೂ ಬದಲಾಗಲಿಲ್ಲ. 2014ರಲ್ಲಿ ಕಾಕ್ರೇನ್ ಸಂಸ್ಥೆ ಇಂಥ ಪರೀಕ್ಷೆಗಳನ್ನು ಒಟ್ಟು ಮಾಡಿ ತೂಗಿತು. 100 ಅಂಕದ ನೋವಿನ ಅಳತೆಯಲ್ಲಿ, 90 ದಿನಗಳ ನಂತರ, ಖಾಲಿ ಗುಳಿಗೆಯವರಿಗಿಂತ ಶಲ್ಲಕಿ ಸಾರದವರ ನೋವು ಸುಮಾರು 17 ಅಂಕ ಕಡಿಮೆಯಿತ್ತು. ಅಂದರೆ ನೋವು ಸ್ವಲ್ಪ ಇಳಿಯಬಹುದು. ಸವೆದ ಗಂಟು ಹೊಸದಾಗುವುದಿಲ್ಲ. "ಗಂಟು ಮತ್ತೆ ಬೆಳೆಯುತ್ತದೆ" ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬಬೇಡಿ.

ಇನ್ನು ಗುಗ್ಗುಳ. ಇದು ರಾಜಸ್ಥಾನ, ಗುಜರಾತಿನ ಮುಳ್ಳುಗಿಡ. ಅಂಟಿಗಾಗಿ ಕೆತ್ತಿ ಕೆತ್ತಿ ಇಂದು ಅಳಿವಿನ ಅಂಚಿಗೆ ಬಂದಿದೆ. ಮುಂದೆ ಐ.ಸಿ.ಎಂ.ಆರ್. ಮಹಾನಿರ್ದೇಶಕಿಯಾದ ಜಿ. ವಿ. ಸತ್ಯವತಿಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಬರೆದ ಪ್ರಬಂಧದಿಂದ ಈ ಅಂಟಿನ ಆಧುನಿಕ ಸಂಶೋಧನೆಗೆ ದಾರಿಯಾಯಿತು. ಅದು ಕೊಬ್ಬಿನ ವಿಷಯ. ಗಂಟು ನೋವಿಗೆ ನಮ್ಮ ಮನೆಗಳಲ್ಲಿ ಇರುವುದು ಯೋಗರಾಜ ಗುಗ್ಗುಳ. ಅದರ ಅಣ್ಣನಂತಿರುವ ಮಹಾಯೋಗರಾಜ ಗುಗ್ಗುಳದಲ್ಲಿ ನಾಗಭಸ್ಮ ಸೇರಿದಂತೆ ಲೋಹಗಳ ಭಸ್ಮಗಳು ಸೇರುತ್ತವೆ. ನಾಗ ಎಂದರೆ ಸೀಸ. ಹೆಸರು ಹತ್ತಿರವಿದೆ ಎಂದು ಒಂದರ ಬದಲು ಇನ್ನೊಂದನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬಾರದು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೇ ಇರುವಾಗ ಕೇಳಲು ದೂರ ಹೋಗಬೇಕಾಗಿಲ್ಲ.

ಗಿಡಮೂಲಿಕೆಯಲ್ಲವೇ, ತೊಂದರೆ ಏನು ಎನ್ನುತ್ತಾರೆ. ಶಲ್ಲಕಿಯಿಂದ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಗುಗ್ಗುಳದಿಂದ ಮೈಯಲ್ಲಿ ತುರಿಕೆ, ದದ್ದು ಬರಬಹುದು. ಪ್ರೊಪ್ರಾನೊಲಾಲ್, ಡಿಲ್ಟಿಯಾಜೆಮ್ ಮಾತ್ರೆಗಳ ಬಲವನ್ನೂ ಅದು ಕುಗ್ಗಿಸಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಇವೆರಡನ್ನೂ ಮುಟ್ಟಬಾರದು.

ಇದಕ್ಕಿಂತ ದೊಡ್ಡ ಅಪಾಯ ಡಬ್ಬಿಯ ಮೇಲೆ ಬರೆಯದೆ ಒಳಗೆ ಸೇರಿಸಿದ್ದು. 2022ರಲ್ಲಿ ಅಮೆರಿಕದ ಎಫ್‌.ಡಿ.ಎ. ಆರ್ಟ್ರಿ ಕಿಂಗ್ ಎಂಬ ಗಂಟು ನೋವಿನ ಗುಳಿಗೆಯಲ್ಲಿ ಡೈಕ್ಲೋಫೆನಾಕ್ ಮತ್ತು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅಡಗಿರುವುದನ್ನು ಪತ್ತೆ ಮಾಡಿತು. ಎರಡೇ ದಿನದಲ್ಲಿ ನೋವು ಮಂಗಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಶಲ್ಲಕಿಗೆ ವಾರಗಳು ಬೇಕು.

ಕೊನೆಗೆ ಮೂರು ಮಾತು. ಒಂದು, ಡಬ್ಬಿ ಓದಿ. ಆಹಾರ ಪೂರಕವಾದರೆ 14 ಅಂಕಿಯ ಎಫ್‌.ಎಸ್‌.ಎಸ್‌.ಎ.ಐ. ಸಂಖ್ಯೆ ಇರಬೇಕು, ಅದು ಔಷಧವಲ್ಲ, ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ. ಆಯುರ್ವೇದ ಔಷಧವಾದರೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರಬೇಕು.

ಎರಡು, ಎಲ್ಲ ಗಂಟು ನೋವೂ ಸವೆತವಲ್ಲ. ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡರೆ ಅದು ಸಂಧಿವಾತ ಇರಬಹುದು. ತಡ ಮಾಡಿದರೆ ಗಂಟು ಹಾಳಾಗುತ್ತದೆ. ಒಂದೇ ಗಂಟು ಕೆಂಪಾಗಿ ಬಾತು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 2006ರ ಚಿಕುನ್‌ಗುನ್ಯಾ ನೆನಪಿರುವವರಿಗೆ ಗೊತ್ತು, ಜ್ವರ ಬಿಟ್ಟರೂ ಗಂಟು ನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಕಾರಣ ಬೇರೆ ಬೇರೆ. ಒಂದೇ ಡಬ್ಬಿ ಎಲ್ಲದಕ್ಕೂ ಆಗುವುದಿಲ್ಲ.

ಮೂರು, ಸವೆತವೇ ಎಂದು ವೈದ್ಯರು ಹೇಳಿದರೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮತ್ತು ತೂಕ ಇಳಿಸುವುದು ಮೊದಲ ಔಷಧ. ಅಂಟು ಅದರ ಪಕ್ಕದಲ್ಲಿ ಇರಲಿ, ಅದರ ಜಾಗದಲ್ಲಿ ಬೇಡ.

ಗೆಳೆಯರೇ, ಇವತ್ತು ಮನೆಗೆ ಹೋದ ಮೇಲೆ ಅಪ್ಪ ಅಮ್ಮ ನುಂಗುವ ಎಲ್ಲ ಮಾತ್ರೆಗಳನ್ನು ಚಾಪೆಯ ಮೇಲೆ ಸುರಿಸಿ ಒಂದು ಫೋಟೊ ತೆಗೆಯಿರಿ. ಮುಂದಿನ ಸಲ ಡಾಕ್ಟರಿಗೆ ಅದನ್ನು ತೋರಿಸಿ. ಡಬ್ಬಿ ಕಳಿಸುವುದು ಸುಲಭ, ಒಂದು ದಿನ ರಜೆ ಹಾಕಿ ಜೊತೆಗೆ ಹೋಗುವುದು ಕಷ್ಟ. ಕಷ್ಟದ್ದನ್ನು ಮೊದಲು ಮಾಡೋಣ.