ಗುಲಾಮನಿಗೂ ಒಬ್ಬ ತಂದೆ



ಕ್ರೈಸ್ತರು ತಮ್ಮನ್ನು ‘ದೇವರ ಮಕ್ಕಳು’ ಎಂದು ಕರೆದುಕೊಳ್ಳುತ್ತಾರೆ. ದೇವರು ಎಲ್ಲರನ್ನೂ ಸೃಷ್ಟಿಸಿದ, ಆದ್ದರಿಂದ ಎಲ್ಲರೂ ಅವನ ಮಕ್ಕಳು ಎಂಬಷ್ಟೇ ಇದರ ಅರ್ಥವಲ್ಲ. ಸಂತ ಪೌಲ ಬಳಸಿದ ಮಾತು ಬೇರೆಯೇ. ಅದು ದತ್ತು ಸ್ವೀಕಾರ.

ಕ್ರಿ.ಶ. 57ರ ಸುಮಾರಿಗೆ ರೋಮಿನ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ ಈ ಮಾತು ಬರುತ್ತದೆ. ರೋಮನ್ನರಿಗೆ ಅದರ ತೂಕ ಚೆನ್ನಾಗಿ ಗೊತ್ತಿತ್ತು. ದತ್ತು ಹೋದವನಿಗೆ ಹೊಸ ತಂದೆಯ ಹೆಸರು ಸಿಗುತ್ತಿತ್ತು, ಆಸ್ತಿಯ ಹಕ್ಕೂ ಸಿಗುತ್ತಿತ್ತು. ಕ್ರಿ.ಪೂ. 44ರಲ್ಲಿ ಕೊಲೆಯಾದ ಜೂಲಿಯಸ್ ಸೀಸರ್ ತನ್ನ ಉಯಿಲಿನಲ್ಲಿ ದತ್ತು ಪಡೆದಿದ್ದ ಆಕ್ಟೇವಿಯನ್ ಮುಂದೆ ರೋಮಿನ ಮೊದಲ ಚಕ್ರವರ್ತಿಯೇ ಆದ.

ಆದರೆ ಅಂದಿನ ಸಭೆಗಳಲ್ಲಿ ಗುಲಾಮರೂ ಇದ್ದರು. ರೋಮನ್ ಕಾನೂನಿನ ಕಣ್ಣಿನಲ್ಲಿ ಗುಲಾಮನಿಗೆ ತಂದೆಯೇ ಇಲ್ಲ. ಅಂಥವನೂ ದೇವರನ್ನು ‘ಅಬ್ಬಾ’, ಅಂದರೆ ಅಪ್ಪಾ, ಎಂದು ಕರೆಯಬಹುದು, ಕ್ರಿಸ್ತನ ಜೊತೆ ಅವನೂ ಹಕ್ಕುದಾರ ಎಂದ ಪೌಲ. ಗಲಾತ್ಯದವರಿಗೆ ಬರೆದಾಗ ಹೆಣ್ಣು ಗಂಡೆಂಬ ಭೇದವನ್ನೂ ಅಲ್ಲಗಳೆದ.

ತಂದೆ ಒಬ್ಬನೇ ಆದ ಮೇಲೆ ಒಡೆಯ ಮತ್ತು ಆಳು ಅಣ್ಣತಮ್ಮಂದಿರಲ್ಲವೇ? ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ ಪೌಲ ಒನೇಸಿಮನೆಂಬ ಗುಲಾಮನನ್ನು ಸಹೋದರನಂತೆ ಬರಮಾಡಿಕೊಳ್ಳಲು ಕೋರಿದ. ಆದರೆ ಗುಲಾಮಗಿರಿಯನ್ನೇ ತೊಲಗಿಸಿ ಎನ್ನಲಿಲ್ಲ. ಕ್ರೈಸ್ತರೇ ಬಹುಸಂಖ್ಯಾತರಾಗಿದ್ದ ಅಮೆರಿಕದಲ್ಲಿ ಅದು ರದ್ದಾಗಲು 1865 ಬರಬೇಕಾಯಿತು. ದೇವರನ್ನು ತಂದೆಯೆಂದು ಕರೆಯುವುದು ಸುಲಭ. ಪಕ್ಕದಲ್ಲಿ ಮಂಡಿಯೂರಿದವನೂ ಅದೇ ಮನೆಯ ಪಾಲುದಾರ ಎಂದು ಒಪ್ಪುವುದೇ ಕಷ್ಟ.