ಬೈಪಾಸ್ ಆಯ್ತು, ಈಗ ಶುಗರ್ ಯಾಕೆ ಏರ್ತಿದೆ?

ಇವತ್ತಿನ ವಿಷಯ ಸ್ವಲ್ಪ ಗಂಭೀರ, ಆದ್ರೆ ನಮ್ಮ ವಯಸ್ಸಿನವರಿಗೆ ಬೇಕಾದದ್ದು. ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಹಾರ್ಟ್ ಆಪರೇಷನ್ ಆದ್ರೆ ಫೈಲ್ ಹಿಡ್ಕೊಂಡು ಓಡಾಡೋರು ನಾವೇ, ಮಾತ್ರೆ ಲೆಕ್ಕ ಇಡೋರೂ ನಾವೇ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವಳು. ನಮ್ಮಪ್ಪನಿಗೆ ಬೈಪಾಸ್ ಆಗಿ ಎರಡು ವರ್ಷ ಆಯ್ತು. ಆಗ ಕಲಿತದ್ದು, ಆಮೇಲೆ ಓದಿ ತಿಳ್ಕೊಂಡದ್ದು ಎರಡನ್ನೂ ಸೇರಿಸಿ ಹೇಳ್ತೀನಿ. ಔಷಧಿಯ ಡೋಸ್ ವಿಚಾರದಲ್ಲಿ ಮಾತ್ರ ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಅಪ್ಪನಿಗೆ ಮೊದಲಿಂದಲೂ ಶುಗರ್ ಇತ್ತು, ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ಆಪರೇಷನ್ ಆದ ಮರುದಿನ ನೋಡಿದ್ರೆ 260. ಫೋನ್ ಮಾಡಿದ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಂಥದ್ದೇನು ತಿನ್ನಿಸಿದ್ರಿ?" ಅಪ್ಪ ಅವತ್ತು ನಾಲ್ಕು ಗುಟುಕು ನೀರು ಬಿಟ್ರೆ ಬೇರೇನೂ ಮುಟ್ಟಿರಲಿಲ್ಲ.

ಹಾಗಾದ್ರೆ ಸಕ್ಕರೆ ಎಲ್ಲಿಂದ ಬಂತು? ಒಳಗಿಂದಲೇ. ಎದೆ ಮೂಳೆ ಕತ್ತರಿಸಿ, ಹೃದಯಕ್ಕೆ ಹೊಸ ದಾರಿ ಜೋಡಿಸೋದು ದೇಹದ ಮಟ್ಟಿಗೆ ದೊಡ್ಡ ಅಪಘಾತ ಇದ್ದಂಗೆ. ಅಡ್ರಿನಲಿನ್, ಕಾರ್ಟಿಸಾಲ್ ಅನ್ನೋ ಹಾರ್ಮೋನುಗಳು ಏರ್ತವೆ. ಅವು ಲಿವರ್‌ಗೆ "ಕೂಡಿಟ್ಟಿರೋ ಗ್ಲೂಕೋಸ್ ಎಲ್ಲಾ ಹೊರಗೆ ಬಿಡು" ಅಂತ ಆರ್ಡರ್ ಕೊಡ್ತವೆ. ಅದೇ ಹೊತ್ತಿಗೆ ಸ್ನಾಯುಗಳು ಇನ್ಸುಲಿನ್ ಮಾತು ಕೇಳೋದನ್ನ ಕಡಿಮೆ ಮಾಡ್ತವೆ. ಐಸಿಯುನಲ್ಲಿ ಕೊಡೋ ಕೆಲವು ಔಷಧಿಗಳೂ ಶುಗರ್ ಏರಿಸ್ತವೆ. ಅದಕ್ಕೇ ಜನ್ಮದಲ್ಲಿ ಶುಗರ್ ಇಲ್ಲದವರಿಗೂ ಹಾರ್ಟ್ ಆಪರೇಷನ್ ಆದ ಮೇಲೆ ಏರಬಹುದು. ರೋಗಿಯನ್ನಾಗಲಿ, ಅಡುಗೆ ಮಾಡಿದವರನ್ನಾಗಲಿ ಬೈಯೋ ವಿಷಯ ಇದಲ್ಲ.

ಹಾಗಂತ ತಾನಾಗೇ ಇಳಿಯುತ್ತೆ ಅಂತ ಬಿಡೋಕೂ ಆಗಲ್ಲ. ಶುಗರ್ ಜಾಸ್ತಿ ಇದ್ರೆ ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳು ಮಂಕಾಗ್ತವೆ, ಗಾಯ ನಿಧಾನಕ್ಕೆ ಮಾಯುತ್ತೆ. ಎದೆ ಮೂಳೆಯ ಗಾಯಕ್ಕೆ ಕೀವು ಹತ್ತಿದ್ರೆ ಮತ್ತೆ ಆಪರೇಷನ್ ಥಿಯೇಟರ್‌ಗೆ ಹೋಗಬೇಕಾದೀತು. ಆ ಭಯಕ್ಕೇ ಐಸಿಯುನಲ್ಲಿ ಡ್ರಿಪ್‌ನಲ್ಲಿ ಇನ್ಸುಲಿನ್ ಕೊಟ್ಟು, ಗಂಟೆಗೊಂದು ಸಲ ಶುಗರ್ ನೋಡ್ತಾರೆ.

ಈಗ ಒಂದು ಸಣ್ಣ ಇತಿಹಾಸ. 2001ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಗ್ರೀಟ್ ವ್ಯಾನ್ ಡೆನ್ ಬರ್ಗ್ ಅನ್ನೋ ವೈದ್ಯೆ ಮತ್ತವರ ತಂಡ 1,548 ಐಸಿಯು ರೋಗಿಗಳ ಮೇಲೆ ಅಧ್ಯಯನ ಮಾಡಿದ್ರು. ಅವರಲ್ಲಿ ಹೆಚ್ಚಿನವರು ಹೃದಯದ ಆಪರೇಷನ್ ಆದವರೇ. ಶುಗರ್‌ನ 80ರಿಂದ 110ರೊಳಗೆ ಬಿಗಿಯಾಗಿ ಇಟ್ಟಾಗ ಐಸಿಯು ಸಾವುಗಳು 8 ಪರ್ಸೆಂಟ್‌ನಿಂದ 4.6 ಪರ್ಸೆಂಟ್‌ಗೆ ಇಳಿದವು. ಎಷ್ಟೋ ಆಸ್ಪತ್ರೆಗಳು ಅದೇ ದಾರಿ ಹಿಡಿದವು. ಆಮೇಲೆ 2009ರಲ್ಲಿ ನೈಸ್-ಶುಗರ್ ಅನ್ನೋ ಇನ್ನೂ ದೊಡ್ಡ ಅಧ್ಯಯನ ಬಂತು. ಎಲ್ಲಾ ಥರದ ಐಸಿಯು ರೋಗಿಗಳು, ಆರು ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಫಲಿತಾಂಶ ತಿರುಗುಮುರುಗಾಯ್ತು. ತುಂಬಾ ಬಿಗಿ ಮಾಡಿದ ಗುಂಪಿನಲ್ಲೇ ಸಾವು ಹೆಚ್ಚು, ಶುಗರ್ ಅಪಾಯಕಾರಿಯಾಗಿ ಕುಸಿಯೋದೂ ಹೆಚ್ಚು. ಈಗ ಐಸಿಯುನಲ್ಲಿರೋ ಬಹುತೇಕ ರೋಗಿಗಳಿಗೆ ಇಟ್ಕೊಳ್ಳೋ ಗುರಿ 140ರಿಂದ 180.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದ್ರೆ, "ಶುಗರ್ ಎಷ್ಟು ಕಡಿಮೆ ಇದ್ರೆ ಅಷ್ಟು ಒಳ್ಳೇದು" ಅನ್ನೋ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ವಾರಗಳಲ್ಲಿ ಅದೇ ನಂಬಿಕೆ ಅಪಾಯ ತರುತ್ತೆ.

ಹೇಗೆ ಅಂತ ನೋಡಿ. ಗಾಯ ಮಾಯ್ತಾ ಬಂದಂತೆ ದೇಹದ ಒತ್ತಡ ಇಳಿಯುತ್ತೆ, ಆಗ ಇನ್ಸುಲಿನ್ ಕಡಿಮೆ ಸಾಕಾಗುತ್ತೆ. ಇನ್ನೊಂದು ಕಡೆ ರೋಗಿಗೆ ಬಾಯಿರುಚಿ ಇರಲ್ಲ, ಅರ್ಧ ತಿಂದು ತಟ್ಟೆ ಸರಿಸ್ತಾರೆ. ಆದ್ರೆ ಚೀಟಿಯಲ್ಲಿ ಬರೆದ ಡೋಸ್ ಹಾಗೇ ಇದೆ. ಅಪ್ಪ ಮನೆಗೆ ಬಂದ ಎರಡನೇ ವಾರ, ಬೆಳಗ್ಗೆ ಹನ್ನೊಂದರ ಹೊತ್ತು. ಒಂದೇ ಇಡ್ಲಿ ತಿಂದು ಎದ್ದಿದ್ರು. ಅಮ್ಮ ಅವರ ಬನಿಯನ್ ಪೂರ್ತಿ ಒದ್ದೆಯಾಗಿದ್ದನ್ನ ನೋಡಿದ್ರು. ಕೈ ನಡುಕ ಇಲ್ಲ, ಎದೆ ಬಡಿತ ಇಲ್ಲ, ಬರೀ ಬೆವರು, ಮಾತು ಸ್ವಲ್ಪ ತೊದಲು. ಮೀಟರ್ ಹಾಕಿದ್ರೆ 58.

ನಡುಕ ಯಾಕೆ ಇರಲಿಲ್ಲ ಗೊತ್ತಾ? ಬೈಪಾಸ್ ಆದ ಎಷ್ಟೋ ಜನಕ್ಕೆ ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆ ಕೊಟ್ಟಿರ್ತಾರೆ. ಅದು ಹೃದಯದ ಬಡಿತವನ್ನ ಹದದಲ್ಲಿಡುತ್ತೆ. ಜೊತೆಗೆ ಲೋ ಶುಗರ್‌ನ ಎಚ್ಚರಿಕೆ ಗಂಟೆಗಳಾದ ನಡುಕ, ಎದೆಬಡಿತ ಎರಡನ್ನೂ ಮುಚ್ಚಿಬಿಡಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಉಳಿಯುತ್ತೆ. ಹಂಗಾಗಿ ಕಾರಣ ಇಲ್ಲದ ಬೆವರು, ಗಲಿಬಿಲಿ, ಇದ್ದಕ್ಕಿದ್ದಂತೆ ಸಿಡುಕು ಕಂಡ್ರೆ ಮೊದಲು ಮೀಟರ್ ತೆಗೀರಿ. ಬೆವರಿನ ಜೊತೆ ಎದೆನೋವೋ ಉಸಿರಾಟದ ಕಷ್ಟವೋ ಇದ್ರೆ ಅದು ಹೃದಯದ ತೊಂದರೆಯೂ ಆಗಿರಬಹುದು, ತಕ್ಷಣ ಆಸ್ಪತ್ರೆಗೆ ಹೊರಡಿ.

70ಕ್ಕಿಂತ ಕಡಿಮೆ ಬಂದ್ರೆ ಏನು ಮಾಡೋದು? ಸುಮಾರು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ, ಅಂದ್ರೆ ಮೂರು ಟೀ ಚಮಚ, ನೀರಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ರೆ ಇನ್ನೊಂದು ಸಲ. ಸರಿಹೋದ ಮೇಲೆ ಏನಾದ್ರೂ ತಿನ್ನಿಸಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರೋದು ತಡ ಆಗುತ್ತೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಆಮೇಲೆ ಡಾಕ್ಟರಿಗೆ ತಿಳಿಸಿ. ನಮ್ಮಪ್ಪನ ಡೋಸ್ ಅವತ್ತೇ ಇಳಿಸಿದ್ರು.

ಅಷ್ಟು ಬೇಗ ಇಳಿಸೋಕೆ ಸಾಧ್ಯ ಆಗಿದ್ದು ನಮ್ಮ ಹತ್ರ ಲೆಕ್ಕ ಇದ್ದಿದ್ದಕ್ಕೆ. ಒಂದು ಇನ್ನೂರು ಪೇಜಿನ ನೋಟ್‌ಬುಕ್ಕು. ತಾರೀಖು, ಟೈಮು, ತಿನ್ನೋ ಮುಂಚೆಯೋ ಆಮೇಲೋ, ಶುಗರ್ ಎಷ್ಟು, ಇನ್ಸುಲಿನ್ ಎಷ್ಟು ಯೂನಿಟ್, ಏನು ತಿಂದ್ರು. ಕಾಮರ್ಸ್ ಭಾಷೆಯಲ್ಲಿ ಹೇಳ್ಬೇಕಂದ್ರೆ ಇದು ಕ್ಯಾಶ್ ಬುಕ್. ಎಚ್‌ಬಿಎ1ಸಿ ಅನ್ನೋ ಟೆಸ್ಟು ಎರಡು-ಮೂರು ತಿಂಗಳ ಸ್ಟೇಟ್‌ಮೆಂಟ್ ಇದ್ದಂಗೆ. ಆದ್ರೆ ಆಪರೇಷನ್ ವೇಳೆ ರಕ್ತ ಕೊಟ್ಟಿದ್ರೆ ಬೇರೆಯವರ ರಕ್ತಕಣಗಳೂ ಸೇರಿಕೊಂಡಿರ್ತವೆ, ಕೆಲವು ತಿಂಗಳು ಆ ಸ್ಟೇಟ್‌ಮೆಂಟ್ ಪೂರ್ತಿ ನಂಬೋ ಹಾಗಿರಲ್ಲ. ಆಗ ಕ್ಯಾಶ್ ಬುಕ್ಕೇ ಗತಿ. ಇನ್ನೊಂದು, ಬೆರಳು ಚುಚ್ಚೋ ಮುಂಚೆ ಕೈ ತೊಳೆದು ಒರೆಸಿ. ಕಿತ್ತಳೆ ಸುಲಿದ ಕೈಯಲ್ಲಿ ಟೆಸ್ಟ್ ಮಾಡಿದ್ರೆ ಬರೋದು ಕಿತ್ತಳೆಯ ಶುಗರ್ರೂ ಸೇರಿದ ಲೆಕ್ಕ.

ಇನ್ನು ಊಟ. ನಮ್ಮದು ತಿಪಟೂರು, ನೋಡೋಕೆ ಬಂದವರೆಲ್ಲ ಎಳನೀರು ತಂದವರೇ. ಎಳನೀರು, ಹಣ್ಣಿನ ಜ್ಯೂಸು, ಮಾರಿ ಬಿಸ್ಕತ್ತು, ಎಲ್ಲದರಲ್ಲೂ ಶುಗರ್ ಏರಿಸೋ ಅಂಶ ಇದೆ. "ಶುಗರ್‌ಗೆ ರಾಗಿ ಒಳ್ಳೇದು" ಅಂತ ಎರಡು ದೊಡ್ಡ ಮುದ್ದೆ ಇಡ್ತಾರೆ. ರಾಗಿಯಲ್ಲಿ ನಾರಿದೆ ನಿಜ, ಹಿಟ್ಟಿನಂಶವೂ ಅಷ್ಟೇ ಇದೆ. ಮುದ್ದೆ ಸಣ್ಣದಾಗಲಿ, ಸೊಪ್ಪು, ಬೇಳೆ, ಕಾಳು ಜಾಸ್ತಿಯಾಗಲಿ. ಗಾಯ ಮಾಯೋಕೆ ಪ್ರೋಟೀನ್ ಬೇಕು, ಹಂಗಾಗಿ ಹೆದರಿ ಉಪವಾಸ ಕೆಡವಬೇಡಿ.

ಮನೆಯಲ್ಲಿ ಉಳಿದಿರೋ ಹಳೇ ಶುಗರ್ ಮಾತ್ರೆಗಳನ್ನ ನೀವಾಗೇ ಶುರು ಮಾಡಬೇಡಿ. ಡಾಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಥರದವನ್ನ ಆಪರೇಷನ್‌ಗೆ ಕೆಲವು ದಿನ ಮುಂಚೆಯೇ ನಿಲ್ಲಿಸಿರ್ತಾರೆ. ಸರಿಯಾಗಿ ಊಟ ಸೇರದ ಹೊತ್ತಲ್ಲಿ ಅವನ್ನ ತಗೊಂಡ್ರೆ ರಕ್ತದಲ್ಲಿ ಆಮ್ಲ ಏರೋ ಅಪಾಯ ಇದೆ, ಅದೂ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಜಾಸ್ತಿ ಕಾಣದೆ. ಯಾವಾಗ ಶುರು ಮಾಡಬೇಕು ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆಸ್ಕೊಳ್ಳಿ.

ಕೊನೆಗೆ, ದೊಡ್ಡಮ್ಮಂದಿರ ಫೇವರಿಟ್ ಡೈಲಾಗ್: "ಇನ್ಸುಲಿನ್ ಒಂದ್ಸಲ ಹಿಡಿಸಿದ್ರೆ ಸಾಯೋತನಕ ಬಿಡಲ್ಲ." ಆಪರೇಷನ್ ಸಮಯದಲ್ಲಿ ಇನ್ಸುಲಿನ್ ಕೊಡೋದು ಆ ಸಂಕಟದ ಹೊತ್ತು ದಾಟಿಸೋಕೆ. ಕೆಲವರಿಗೆ ಕೆಲವು ವಾರಗಳಲ್ಲಿ ನಿಲ್ಲುತ್ತೆ, ಕೆಲವರಿಗೆ ಮುಂದುವರಿಯುತ್ತೆ. ಮುಂದುವರಿದ್ರೆ ಅದು ದೇಹಕ್ಕೆ ಬೇಕಾಗಿದೆ ಅಂತ ಅರ್ಥ, ಚಟ ಅಂಟಿತು ಅಂತಲ್ಲ. ಈ ಡೈಲಾಗ್ ನಂಬಿ ಅಪ್ಪ ಎರಡು ದಿನ ಇಂಜೆಕ್ಷನ್ ಬೇಡ ಅಂತ ಹಟ ಹಿಡಿದಿದ್ರು. ಗಾಯ ಇನ್ನೂ ಹಸಿ, ಶುಗರ್ 280. ನಾನು ವಾದ ಮಾಡಲಿಲ್ಲ, ನೋಟ್‌ಬುಕ್ ಮುಂದಿಟ್ಟೆ. ಅಂಗಡಿ ನಡೆಸಿದ ಮನುಷ್ಯ, ಲೆಕ್ಕ ನೋಡಿದ್ರೆ ಅರ್ಥ ಆಗುತ್ತೆ. ತಾವೇ ತೋಳು ಚಾಚಿದ್ರು.

ಎದೆ ಮೂಳೆ ಕೂಡೋಕೆ ಎರಡು-ಮೂರು ತಿಂಗಳು ಬೇಕು. ಅಷ್ಟು ದಿನ ಎದೆಯ ಗಾಯ, ಕಾಲಿಂದ ರಕ್ತನಾಳ ತೆಗೆದಿದ್ರೆ ಅಲ್ಲಿನ ಗಾಯ, ಎರಡನ್ನೂ ದಿನಾ ಬೆಳಕಲ್ಲಿ ನೋಡಿ. ಕೆಂಪು, ಕೀವು, ಜ್ವರ, ಕೆಮ್ಮಿದಾಗ ಎದೆಯಲ್ಲಿ ಕಟಕ್ ಅನ್ನೋ ಸದ್ದು, ಶುಗರ್ ಕಾರಣವಿಲ್ಲದೆ ಏರ್ತಾನೇ ಇರೋದು, ಇದರಲ್ಲಿ ಯಾವುದು ಕಂಡ್ರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ.

ಡಿಸ್ಚಾರ್ಜ್ ಆಗೋ ಮುಂಚೆ ಡಾಕ್ಟರ್ ಹತ್ರ ಮೂರು ಪ್ರಶ್ನೆ ಕೇಳಿ. ನಮ್ಮ ಗುರಿ ಎಷ್ಟರಿಂದ ಎಷ್ಟು? ಊಟ ಸೇರದಿದ್ರೆ ಡೋಸ್ ಏನು ಮಾಡಬೇಕು? ರಾತ್ರಿ ತೊಂದರೆ ಆದ್ರೆ ಯಾವ ನಂಬರ್‌ಗೆ ಫೋನ್ ಮಾಡಬೇಕು? ಉತ್ತರಗಳನ್ನ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ, ನೀವು ಆಫೀಸಲ್ಲಿದ್ದಾಗಲೂ ಮನೆಯವರಿಗೆ ಕಾಣಲಿ.

ಇವತ್ತಿಗೆ ಇಷ್ಟು. ಈ ಎಪಿಸೋಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ, ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಇದೂ ಇರಲಿ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ಬಗ್ಗೆ ಮಾತಾಡೋಣ, ಅದು ನನ್ನ ಸಬ್ಜೆಕ್ಟು. ಅಲ್ಲಿತನಕ ಹುಷಾರು.